ತೊಡೆಯುವ ಗಡಿಗೆ, ನಿರ್ಲೇಪ ಕಾವಲಿ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಕೆಯ ಕೊಯ್ಲು ಮುಗಿಯುತ್ತ ಬಂದು ಆಲೆಮನೆಗಳು ಎದ್ದವೆಂದರೆ ತೊಡದೇವಿನ ಕಾಲ ಬಂತೆಂದೇ ಲೆಕ್ಕ. ಬಯಲುಸೀಮೆಯ ಓದುಗರಲ್ಲಿ ಹಲವರಿಗೆ ಈ ತಿಂಡಿಯ ಪರಿಚಯ ಇರಲಾರದು. ಅವರಿಗಾಗಿ ಎರಡು ಮಾತು. ನುಣ್ಣಗೆ ಅರೆದ ಅಕ್ಕಿಯ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ನೀರು ನೀರಾಗಿ ಕದಡುತ್ತಾರೆ. ದುಂಡನೆಯ ಮಣ್ಣಿನ ಗಡಿಗೆಯೊಂದನ್ನು ಒಲೆಯ ಮೇಲೆ ಬೋರಲು ಹಾಕಿ ಅಡಿಯಿಂದ ಉರಿ ಕೊಡುತ್ತಾರೆ. ಗಡಿಗೆಯ ಬೆನ್ನು ಹದವಾಗಿ ಕಾದಾಗ ತುಸು ಎಣ್ಣೆ ಸವರಿ, ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಆ ಬೆನ್ನಿನ ಮೇಲೆ ಎಳೆಯುತ್ತಾರೆ. ಹಿಟ್ಟು ಚುರ್ರೆಂದು ಪೊರೆಯಾಗಿ ಕೂರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅಂಚು ತಾನಾಗಿ ಏಳುತ್ತದೆ. ಅದನ್ನು ಹಿಡಿದು ಬಿಡಿಸಿ, ಬಿಸಿಯಿರುವಾಗಲೇ ಮಡಿಚಿಟ್ಟರೆ ತೊಡದೇವಾಯಿತು. ಆರಿದ ಮೇಲೆ ಕಾಗದದಂತೆ ಗರಿಗರಿ. ಹಾಲು ತುಪ್ಪ ಹಾಕಿಕೊಂಡರೆ ಬಾಯಲ್ಲಿಟ್ಟದ್ದು ಇತ್ತೋ ಇಲ್ಲವೋ ಎನ್ನುವಂತೆ ಕರಗಿಹೋಗುತ್ತದೆ.

ತಿಂಡಿಯ ರುಚಿಯನ್ನು ಹೊಗಳಲು ನಾನು ಹೊರಟಿಲ್ಲ. ನನ್ನ ಕುತೂಹಲವೆಲ್ಲ ಗಡಿಗೆಯಲ್ಲಿದೆ. ಅಕ್ಕಿಯ ಗಂಜಿ ಮತ್ತು ಬೆಲ್ಲದ ಪಾಕ, ಇವೆರಡಕ್ಕಿಂತ ಅಂಟಿನ ಪದಾರ್ಥ ಅಡಿಗೆಮನೆಯಲ್ಲಿ ಬೇರೆ ಉಂಟೆ? ಗಂಜಿಯಿಂದ ಕಾಗದ ಅಂಟಿಸುತ್ತಿದ್ದರು. ಬೆಲ್ಲವನ್ನು ಗಾರೆಗೆ ಬೆರೆಸಿ ಗೋಡೆಯನ್ನೇ ಕಟ್ಟುತ್ತಿದ್ದರು. ಆ ಎರಡನ್ನೂ ಕೂಡಿಸಿ ಕಾದ ಮಣ್ಣಿನ ಮೇಲೆ ಎಳೆದರೆ ಅದು ಕಚ್ಚದೆ ಹರಿಯದೆ ಎದ್ದು ಬರುತ್ತದಲ್ಲ, ಇದು ಹೇಗೆ? ಈಗ ಪೇಟೆಯ ಅಂಗಡಿಗಳಲ್ಲಿ ಸಾಲಾಗಿ ನೇತಾಡುವ ಕಪ್ಪು ನಾನ್-ಸ್ಟಿಕ್ ಕಾವಲಿಗಳನ್ನು ನೋಡಿದಾಗಲೆಲ್ಲ ನನಗೆ ಈ ಗಡಿಗೆಯ ನೆನಪಾಗುತ್ತದೆ. ಅಂಟದಿರುವ ಗುಣವನ್ನು ನಮ್ಮ ಹಿರಿಯರು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದರು. ನಾವು ಅದನ್ನು ಕೊಂಡು ತರುತ್ತೇವೆ. ಈ ಬದಲಾವಣೆ ಹೇಗಾಯಿತು, ಅದರಲ್ಲಿ ಬಂದದ್ದೇನು ಹೋದದ್ದೇನು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಮೊದಲು ಹೆಸರನ್ನೇ ನೋಡೋಣ. ಕನ್ನಡದ ಮೇಷ್ಟರಿಗೆ ಆ ಚಪಲ ತಪ್ಪಿದ್ದಲ್ಲ. ತೊಡದೇವು ಎಂಬುದರಲ್ಲಿರುವುದು ತೊಡೆ ಎಂಬ ಕ್ರಿಯಾಪದ. ತೊಡೆಯುವುದೆಂದರೆ ಸವರುವುದು, ಬಳಿಯುವುದು. ಸ್ವಾರಸ್ಯವೇನೆಂದರೆ ಅದೇ ತೊಡೆಗೆ ಒರಸು, ಅಳಿಸು ಎಂಬ ವಿರುದ್ಧಾರ್ಥವೂ ಇದೆ. ತೊಡೆದುಹಾಕು ಎಂದು ನಾವು ದಿನವೂ ಬಳಸುವುದು ಈ ಅರ್ಥದಲ್ಲಿ. ಬಳಿಯುವುದಕ್ಕೂ ಅಳಿಸುವುದಕ್ಕೂ ಒಂದೇ ಮಾತು! ಬಟ್ಟೆ ಹಿಡಿದ ಕೈಯ ಚಲನೆ ಎರಡರಲ್ಲೂ ಒಂದೇ ಆದ್ದರಿಂದ ಹೀಗಾಗಿರಬೇಕೆಂದು ನನ್ನ ಊಹೆ. ತೊಡದೇವಿನಲ್ಲಂತೂ ಎರಡು ಅರ್ಥವೂ ಸಲ್ಲುತ್ತದೆ. ಹಿಟ್ಟು ಗಡಿಗೆಗೆ ಒಮ್ಮೆ ಹತ್ತಬೇಕು, ಮರುಗಳಿಗೆಯಲ್ಲಿ ಗುರುತಿಲ್ಲದಂತೆ ಬಿಟ್ಟು ಬರಬೇಕು. ಆಂಧ್ರದ ಗೋದಾವರೀ ತೀರದ ಆತ್ರೇಯಪುರದಲ್ಲಿ ಪೂತರೇಕು ಎಂಬ ಸಿಹಿಯನ್ನು ಮಾಡುತ್ತಾರೆ. ಅಲ್ಲಿಯೂ ಬೋರಲು ಹಾಕಿದ ಗಡಿಗೆ, ಅಲ್ಲಿಯೂ ಹಿಟ್ಟಿನಲ್ಲಿ ಅದ್ದಿದ ಬಟ್ಟೆ. ಅವರು ಬರಿಯ ಅಕ್ಕಿಯ ಪೊರೆ ತೆಗೆದು, ಆಮೇಲೆ ಸಕ್ಕರೆಯನ್ನೋ ಬೆಲ್ಲವನ್ನೋ ತುಪ್ಪದೊಡನೆ ಸೇರಿಸಿ ಸುತ್ತುತ್ತಾರೆ. ತೆಲುಗಿನಲ್ಲಿ ಪೂತ ಎಂದರೂ ಬಳಿದದ್ದು, ಲೇಪ ಎಂದೇ ಅರ್ಥ. ಎರಡು ಸೀಮೆ, ಎರಡು ಭಾಷೆ. ಹೆಸರಿಟ್ಟವರ ಕಣ್ಣು ಬಿದ್ದದ್ದು ಒಂದೇ ಕ್ರಿಯೆಯ ಮೇಲೆ. ಆತ್ರೇಯಪುರದವರು ೨೦೨೩ರಲ್ಲಿ ತಮ್ಮ ಸಿಹಿಗೆ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದುಕೊಂಡರು.

ಗಡಿಗೆ ಕುಂಬಾರನ ಮನೆಯಿಂದ ಬಂದ ದಿನವೇ ಕೆಲಸಕ್ಕೆ ಒದಗುವುದಿಲ್ಲ. ಅದನ್ನು ಅಕ್ಕಚ್ಚಿನಲ್ಲಿ ನೆನೆಹಾಕಬೇಕು, ಒಣಗಿಸಬೇಕು, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಬೇಕು, ಆರಿಸಬೇಕು, ಮತ್ತೆ ಸವರಬೇಕು. ಇಷ್ಟಾದರೂ ಮೊದಲ ಕೆಲವು ತೊಡದೇವುಗಳು ಚೂರು ಚೂರಾಗಿ ಬಂದು ಮಕ್ಕಳ ಪಾಲಾಗುತ್ತವೆ. ಇದಕ್ಕೆ ನಮ್ಮಲ್ಲಿ ಪಳಗಿಸುವುದು ಎನ್ನುತ್ತಾರೆ. ಆನೆಯನ್ನು ಪಳಗಿಸುವ ಹಾಗೆ ಗಡಿಗೆಯನ್ನು ಪಳಗಿಸುವುದು. ಒಂದು ಗಡಿಗೆ ಚೆನ್ನಾಗಿ ಪಳಗಿತೆಂದರೆ ಅದಕ್ಕೆ ಮನೆಯಲ್ಲಿ ವಿಶೇಷ ಮರ್ಯಾದೆ. ಬೇರೆ ಅಡಿಗೆಗೆ ಅದನ್ನು ಮುಟ್ಟುವಂತಿಲ್ಲ; ಸುಗ್ಗಿ ಮುಗಿದ ಮೇಲೆ ಅಟ್ಟ ಸೇರಿದರೆ ಮತ್ತೆ ಇಳಿಯುವುದು ಮುಂದಿನ ವರ್ಷ. ನನ್ನ ದೊಡ್ಡಾಯಿ ಹೇಳುತ್ತಿದ್ದ ಮಾತು: "ಗಡಿಗೆ ಒಂದೇ ಪಳಗಿರೆ ಸಾಲ್ತಿಲ್ಲೆ ತಮಾ, ಕೈಯೂ ಪಳಗವು." ಉರಿ ಹೆಚ್ಚಾದರೆ ಹಿಟ್ಟು ಕೂರುವ ಮೊದಲೇ ಗುಳ್ಳೆಯೆದ್ದು ಸಿಡಿಯುತ್ತದೆ, ಕಡಿಮೆಯಾದರೆ ಒದ್ದೆಯಾಗಿ ಕಚ್ಚಿಕೊಳ್ಳುತ್ತದೆ. ಆ ನಡುವಣ ಹದವನ್ನು ಅಳೆಯಲು ಮಾಪಕವಿಲ್ಲ. ಅಂಗೈಯನ್ನು ಗಡಿಗೆಯ ಬಳಿ ಹಿಡಿದು ನೋಡುವುದೇ ಮಾಪಕ.

ಪಳಗುವಾಗ ಗಡಿಗೆಯಲ್ಲಿ ಆಗುವುದೇನೆಂಬುದನ್ನು ಇಂದಿನ ರಸಾಯನಶಾಸ್ತ್ರ ವಿವರಿಸುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಎಣ್ಣೆ ಅವುಗಳೊಳಕ್ಕೆ ಇಳಿಯುತ್ತದೆ. ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ತೆಳು ಪೊರೆಯಾಗುತ್ತವೆ. ಆಗ ಅದು ಎಣ್ಣೆಯಾಗಿ ಉಳಿದಿರುವುದಿಲ್ಲ, ಒಂದು ಬಗೆಯ ಮೆರುಗೆಣ್ಣೆಯಾಗಿರುತ್ತದೆ. ಅಗಸೆ ಎಣ್ಣೆಯಿಂದ ಬಣ್ಣ ತಯಾರಿಸುವುದೂ ಇದೇ ಗುಣದಿಂದ. ಎಳ್ಳೆಣ್ಣೆ, ಶೇಂಗಾ ಎಣ್ಣೆಗಳಲ್ಲಿ ಈ ಗುಣ ಸಾಕಷ್ಟಿದೆ; ತೆಂಗಿನ ಎಣ್ಣೆ ತಿನ್ನಲು ಎಷ್ಟೇ ರುಚಿಯಾಗಲಿ, ಪೊರೆ ಕಟ್ಟುವುದರಲ್ಲಿ ಬಹಳ ಹಿಂದೆ. ಕಬ್ಬಿಣದ ಕಾವಲಿ ವರ್ಷಗಳು ಕಳೆದಂತೆ ಕರಿಗನ್ನಡಿಯಾಗುವುದಕ್ಕೂ ಕಾರಣ ಇದೇ.

ಈ ವಿದ್ಯೆ ಕೇವಲ ನಮ್ಮ ಮೂರು ತಾಲ್ಲೂಕುಗಳದಲ್ಲ. ಇಥಿಯೋಪಿಯದಲ್ಲಿ ಇಂಜೆರ ಎಂಬ ಹುಳಿದೋಸೆಯನ್ನು ಮಿತಾಡ್ ಎಂಬ ಅಗಲವಾದ ಮಣ್ಣಿನ ಹೆಂಚಿನ ಮೇಲೆ ಬೇಯಿಸುತ್ತಾರೆ. ಅಲ್ಲಿನ ಹೆಂಗಸರು ಹೆಂಚಿಗೆ ಎಣ್ಣೆಕಾಳಿನ ಪುಡಿಯನ್ನು ತಿಕ್ಕಿ ನುಣುಪು ಬರಿಸುತ್ತಾರೆ. ನಮ್ಮ ಭಾಷೆಯೇ ಹಳೆಯ ಕಥೆಯನ್ನು ಕಾಪಾಡಿಕೊಂಡಿದೆ. ಮಾಡಿಗೆ ಹೊದಿಸುವುದೂ ಹೆಂಚು, ದೋಸೆ ಹೊಯ್ಯುವುದೂ ಹೆಂಚು. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣಕ್ಕೂ ಹಂಚು ಎಂದೇ ಹೆಸರು. ಕಬ್ಬಿಣ ಬರುವ ಮೊದಲು ಅದರ ಸ್ಥಾನದಲ್ಲಿ ಮಣ್ಣಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಾವಲಿ ಎಂಬ ಮಾತು ಕಾಯ್ ಧಾತುವಿನದು. ಕಾಯುವುದೆಂದರೆ ಬಿಸಿಯಾಗುವುದು, ಕಾಯುವುದೆಂದರೆ ಕಾದುಕೊಂಡಿರುವುದು. ಕಾವಲಿಯ ಮುಂದೆ ಕುಳಿತವಳಿಗೆ ಎರಡೂ ಗೊತ್ತು. ನಮ್ಮ ಕಡೆ ಅದಕ್ಕೆ ಬಂಡಿ ಎನ್ನುವವರೂ ಉಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಕ್ರಿ.ಶ. ೧೧೩೦ರ ಸುಮಾರಿನದು. ಅದರಲ್ಲಿ ಬೇಳೆಯ ಹಿಟ್ಟಿನ ಧೋಸಕ ಎಂಬ ತಿಂಡಿ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ತನ್ನ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು, ಹಿಟ್ಟಿನ ತಿಂಡಿಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ರಾಜನೂ ಕವಿಯೂ ಪಾಕವನ್ನು ಬಣ್ಣಿಸಿದರು. ಪಾತ್ರೆಯನ್ನು ಪಳಗಿಸುವ ವಿದ್ಯೆ ಮಾತ್ರ ಅತ್ತೆಯಿಂದ ಸೊಸೆಗೆ, ಕೈಯಿಂದ ಕೈಗೆ ದಾಟಿಕೊಂಡು ಬಂದದ್ದು.

ಇನ್ನು ಪಳಗಿಸದೆಯೂ ಅಂಟದ ಕಾವಲಿಯ ಕಥೆ. ಇದು ಅಡಿಗೆಮನೆಯಲ್ಲಿ ಹುಟ್ಟಿದ್ದೇ ಅಲ್ಲ. ೧೯೩೮ನೆಯ ಏಪ್ರಿಲ್ ೬ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನ ವಿಜ್ಞಾನಿ ತಂಪುಪೆಟ್ಟಿಗೆಗಳಿಗೆ ಬೇಕಾದ ಹೊಸ ಅನಿಲವೊಂದನ್ನು ಹುಡುಕುತ್ತಿದ್ದ. ಅನಿಲ ತುಂಬಿಟ್ಟಿದ್ದ ಸಿಲಿಂಡರಿನ ತಿರುಪು ತಿರುಗಿಸಿದರೆ ಏನೂ ಹೊರಬರಲಿಲ್ಲ. ತೂಗಿ ನೋಡಿದರೆ ತೂಕ ಹಾಗೆಯೇ ಇತ್ತು. ಸಿಲಿಂಡರನ್ನೇ ಗರಗಸದಿಂದ ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿಯ ಪುಡಿ ಕಂಡಿತು. ಅನಿಲ ತಾನಾಗಿ ಹೆಣೆದುಕೊಂಡು ಘನವಾಗಿತ್ತು. ಆಮ್ಲಕ್ಕೆ ಜಗ್ಗದ, ಯಾವುದಕ್ಕೂ ಹತ್ತದ ಈ ವಸ್ತುವಿನ ಮೊದಲ ದೊಡ್ಡ ಉಪಯೋಗ ಅಣುಬಾಂಬಿನ ಯೋಜನೆಯಲ್ಲಿ. ಲೋಹವನ್ನೇ ತಿನ್ನುವ ಯುರೇನಿಯಂ ಅನಿಲವನ್ನು ಹಿಡಿದಿಡುವ ಕೊಳವೆಗಳ ಬೆಸುಗೆಗಳಿಗೆ ಅದು ಬೇಕಾಯಿತು. ೧೯೪೫ರಲ್ಲಿ ಟೆಫ್ಲಾನ್ ಎಂಬ ವ್ಯಾಪಾರಮುದ್ರೆ ನೋಂದಣಿಯಾಯಿತು. ದೋಸೆಯ ಕಾವಲಿಯ ವಂಶಾವಳಿಯಲ್ಲಿ ಅಣುಬಾಂಬು ಇದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಯಾವುದಕ್ಕೂ ಅಂಟದ ವಸ್ತುವನ್ನು ಪಾತ್ರೆಗೆ ಅಂಟಿಸುವುದು ಹೇಗೆ? ಹತ್ತಾರು ವರ್ಷ ಬಿಡಿಸಲಾಗದ ಒಗಟು ಇದು. ಬಿಡಿಸಿದವನು ಮಾರ್ಕ್ ಗ್ರೆಗ್ವಾರ್ ಎಂಬ ಫ್ರೆಂಚ್ ಇಂಜಿನಿಯರ್. ಮೀನು ಹಿಡಿಯುವ ತನ್ನ ಸಲಕರಣೆಗೆ ಟೆಫ್ಲಾನ್ ಬಳಿಯಬೇಕೆಂದು ಅವನು ಯತ್ನಿಸುತ್ತಿದ್ದ. ಅದನ್ನು ನನ್ನ ಬಾಣಲೆಗೆ ಬಳಿಯಬಾರದೆ ಎಂದು ಕೇಳಿದವಳು ಅವನ ಹೆಂಡತಿ ಕೊಲೆಟ್. ೧೯೫೪ರ ಸುಮಾರಿಗೆ ಅವನು ಅಲ್ಯುಮಿನಿಯಮಿನ ಮೈಯನ್ನು ಆಮ್ಲದಿಂದ ಕೊರೆದು ಒರಟು ಮಾಡಿ, ಆ ಸೂಕ್ಷ್ಮವಾದ ಕುಳಿಗಳಲ್ಲಿ ಟೆಫ್ಲಾನ್ ಪುಡಿಯನ್ನು ಕೂರಿಸಿ, ಬಲವಾಗಿ ಕಾಯಿಸಿ ಹಿಡಿಸಿದ. ೧೯೫೬ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು. ಟೆಫ್ಲಾನಿನ ಮೊದಲ ಅಕ್ಷರಗಳು, ಅಲ್ಯುಮಿನಿಯಮಿನ ಮೊದಲ ಅಕ್ಷರಗಳು ಕೂಡಿ ಆದ ಹೆಸರು. ಇಲ್ಲಿ ಓದುಗರು ಒಂದು ಕ್ಷಣ ನಮ್ಮ ಗಡಿಗೆಯನ್ನು ನೆನೆಯಬೇಕು. ಮೈಯಲ್ಲಿ ರಂಧ್ರ, ರಂಧ್ರದಲ್ಲಿ ಲೇಪ, ಲೇಪಕ್ಕೆ ಕಾವು. ಕ್ರಮ ಎರಡು ಕಡೆಯೂ ಒಂದೇ. ಒಂದರಲ್ಲಿ ಲೇಪ ದಿನವೂ ಕೂಡುತ್ತ ಹೋಗುತ್ತದೆ, ಇನ್ನೊಂದರಲ್ಲಿ ಕಾರ್ಖಾನೆ ಬಿಟ್ಟ ದಿನದಿಂದ ಸವೆಯುತ್ತ ಹೋಗುತ್ತದೆ.

ಅಲ್ಯುಮಿನಿಯಮ್ ನಮ್ಮ ದೇಶದ ಅಡಿಗೆಮನೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಮದರಾಸಿನ ಕಲಾಶಾಲೆಯಲ್ಲಿ ಅದರ ಪಾತ್ರೆಗಳನ್ನು ಮಾಡಿಸತೊಡಗಿದ ಆಲ್ಫ್ರೆಡ್ ಚಾಟರ್‌ಟನ್ ಮುಂದೆ ೧೯೧೨ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯನ್ನು ನಡೆಸಿದವನು. ನಾನ್-ಸ್ಟಿಕ್ ಪಾತ್ರೆಯನ್ನು ನಮ್ಮ ದೇಶದಲ್ಲಿ ಮೊದಲಿಗೆ ತಯಾರಿಸಿ ಮನೆಮಾತು ಮಾಡಿದ್ದು ಔರಂಗಾಬಾದಿನಲ್ಲಿ ೧೯೬೮ರಲ್ಲಿ ಆರಂಭವಾದ ನಿರ್ಲೇಪ್ ಸಂಸ್ಥೆ. ೨೦೧೮ರಲ್ಲಿ ಅದು ಬಜಾಜ್ ಎಲೆಕ್ಟ್ರಿಕಲ್ಸಿನ ಕೈ ಸೇರಿತು. ಹೆಸರಿಟ್ಟವರು ಯಾರೋ ಸಂಸ್ಕೃತ ಬಲ್ಲವರೇ ಇರಬೇಕು. ವೇದಾಂತಿಗಳು ಆತ್ಮನಿಗೆ ಹೇಳುತ್ತಿದ್ದ ವಿಶೇಷಣ ದೋಸೆಯ ಕಾವಲಿಗೆ ಬಂತು! ಒಂದು ಆಕ್ಷೇಪವನ್ನು ಮಾತ್ರ ಹೇಳಲೇಬೇಕು. ಲೇಪವೇ ಸರ್ವಸ್ವವಾದ ಪಾತ್ರೆಗೆ ನಿರ್ಲೇಪವೆಂದು ಹೆಸರಿಡುವುದು ವ್ಯಾಕರಣಕ್ಕೆ ಒಪ್ಪಿದರೂ ವಸ್ತುಸ್ಥಿತಿಗೆ ಒಪ್ಪುವುದಿಲ್ಲ.

ಇಂಥ ಕಾವಲಿ ನಮ್ಮ ತಾಲ್ಲೂಕುಗಳ ಅಡಿಗೆಮನೆ ಹೊಕ್ಕದ್ದು ಬರಿಯ ಪೇಟೆಯ ಶೋಕಿಯಿಂದಲ್ಲ. ಶಿರಸಿಯ ಸುತ್ತಿನ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಹಬ್ಬಿದ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಭ್ಯಾಸ ಮಾಡಿ, ೨೦೦೧ರಲ್ಲಿ ಯಶಸ್ಸಿನ ಕಥೆಯೆಂದೇ ಕರೆದು ಪ್ರಕಟಿಸಿದ್ದಾರೆ. ಗೋಬರ್ ಗ್ಯಾಸಿನ ಉರಿ ನೀಲಿ, ಹೊಗೆಯಿಲ್ಲದ್ದು; ಆದರೆ ಸೌದೆಯ ಉರಿಯಷ್ಟು ಹರಹು ಅದಕ್ಕಿಲ್ಲ. ದಪ್ಪ ಕಬ್ಬಿಣದ ಕಾವಲಿ ಅದರ ಮೇಲೆ ನಿಧಾನವಾಗಿ ಕಾಯುತ್ತದೆ, ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಹಗುರವಾದ ಅಲ್ಯುಮಿನಿಯಮ್ ಕಾವಲಿ ಬೇಗ ಕಾಯುತ್ತದೆ, ಸಮನಾಗಿ ಕಾಯುತ್ತದೆ. ಇನ್ನೊಂದು ಕಾರಣ, ಮನೆಯಲ್ಲಿ ಉಳಿದ ಮಂದಿಯ ಸಂಖ್ಯೆ. ಹದಿನೈದು ಜನರಿಗೆ ತೆಳ್ಳೇವು ಎರೆಯುತ್ತಿದ್ದ ಕಾವಲಿ ದಿನವೂ ಒಲೆಯೇರಿ ಪಳಗಿಯೇ ಇರುತ್ತಿತ್ತು. ಮಕ್ಕಳು ಬೆಂಗಳೂರು ಸೇರಿ, ಮುದುಕ ಮುದುಕಿ ಇಬ್ಬರೇ ಉಳಿದ ಮನೆಯಲ್ಲಿ ವಾರಕ್ಕೊಮ್ಮೆ ನಾಲ್ಕು ತೆಳ್ಳೇವಿಗೆ ಯಾರು ಕಾವಲಿ ಪಳಗಿಸುತ್ತಾರೆ? ಎಣ್ಣೆ ಕಡಿಮೆ ಮಾಡಿರೆಂದು ವೈದ್ಯರು ಹೇಳಿದ್ದೂ ಸೇರಿಕೊಂಡಿತು. ಹಳೆಯದೆಲ್ಲ ಚಿನ್ನವೆನ್ನುವವರು ಉರಿಯುವ ಒಲೆಯ ಮುಂದೆ ಇಡೀ ಮಧ್ಯಾಹ್ನ ಕುಳಿತು ನೂರು ತೊಡದೇವು ತೆಗೆದ ಹೆಂಗಸಿನ ಕಣ್ಣು, ಸೊಂಟಗಳ ಪಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದರೆ ಸುಖದ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದರು. ಟೆಫ್ಲಾನ್ ತಯಾರಿಕೆಗೆ ಸಹಾಯಕವಾಗಿ ಪಿ.ಎಫ್.ಓ.ಎ. ಎಂಬ ರಾಸಾಯನಿಕವನ್ನು ಬಳಸುತ್ತಿದ್ದರು. ಸಿ-೮ ಎಂದು ಅದರ ಅಡ್ಡಹೆಸರು. ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ಸೇರಿದರೆ ಸುಲಭವಾಗಿ ಅಳಿಯದ ವಸ್ತು ಅದು. ಅಮೆರಿಕದ ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಡ್ಯೂಪಾಂಟ್ ಕಾರ್ಖಾನೆಯ ತ್ಯಾಜ್ಯ ಹರಿದ ಹಳ್ಳದ ನೀರು ಕುಡಿದು ಒಬ್ಬ ರೈತನ ದನಗಳು ಸಾಲು ಸಾಲಾಗಿ ಸತ್ತವು. ಅವನ ಪರವಾಗಿ ರಾಬರ್ಟ್ ಬಿಲಾಟ್ ಎಂಬ ವಕೀಲ ೧೯೯೯ರಲ್ಲಿ ದಾವೆ ಹೂಡಿದ. ಮುಂದೆ ಅದು ಸಾವಿರಾರು ಜನರ ವ್ಯಾಜ್ಯವಾಗಿ ಬೆಳೆಯಿತು. ಕುಡಿಯುವ ನೀರಿನ ಸಿ-೮ಕ್ಕೂ ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ರೋಗ ಮೊದಲಾದ ಆರು ವ್ಯಾಧಿಗಳಿಗೂ ಸಂಬಂಧವಿರುವ ಸಂಭವವಿದೆಯೆಂದು ವಿಜ್ಞಾನಿಗಳ ಮಂಡಲಿ ೨೦೧೨ರ ಹೊತ್ತಿಗೆ ತೀರ್ಮಾನ ಕೊಟ್ಟಿತು. ೨೦೧೭ರಲ್ಲಿ ಸುಮಾರು ೬೭ ಕೋಟಿ ಡಾಲರು ಪರಿಹಾರಕ್ಕೆ ಕಂಪನಿಗಳು ಒಪ್ಪಿದವು. ಅಮೆರಿಕದ ದೊಡ್ಡ ತಯಾರಕರು ೨೦೧೫ರೊಳಗೆ ಇದನ್ನು ಬಿಟ್ಟರು. ೨೦೧೯ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ನಿಷಿದ್ಧ ಪಟ್ಟಿಗೆ ಇದು ಸೇರಿತು. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಇಲ್ಲಿ ಒಂದು ವಿವೇಕ ಬೇಕು. ಹಾನಿ ಹೆಚ್ಚಾಗಿ ಆದದ್ದು ಕಾರ್ಖಾನೆಯ ಸುತ್ತಿನ ನೀರಿಗೆ, ಆ ನೀರು ಕುಡಿದವರಿಗೆ. ನಮ್ಮ ಮನೆಯ ಕಾವಲಿಯಿಂದ ಕಿತ್ತು ದೋಸೆಯೊಡನೆ ಹೊಟ್ಟೆಗೆ ಹೋದ ಟೆಫ್ಲಾನ್ ಚೂರು ಕರಗದೆ ಹೊರಗೆ ಹೋಗುತ್ತದೆ. ಮನೆಯಲ್ಲಿ ಭಯಪಡಬೇಕಾದದ್ದು ಅತಿಯಾದ ಕಾವಿಗೆ.

ಸುಮಾರು ೨೬೦ ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಆ ಲೇಪ ಕೆಡತೊಡಗುತ್ತದೆ. ಇನ್ನೂ ಏರಿದರೆ ವಿಷದ ಹೊಗೆ ಬರುತ್ತದೆ. ಅಂಥ ಹೊಗೆಯಿಂದ ಪಂಜರದ ಹಕ್ಕಿಗಳು ಸತ್ತದ್ದುಂಟು, ಮನುಷ್ಯರಿಗೆ ಚಳಿಜ್ವರ ಬಂದದ್ದುಂಟು. ದೊಡ್ಡ ಉರಿಯ ಮೇಲೆ ಖಾಲಿ ಕಾವಲಿ ಇಟ್ಟು ಫೋನಿಗೆ ಓಗೊಡಲು ಹೋದರೆ ಇಷ್ಟು ಕಾವೇರಲು ಕೆಲವೇ ನಿಮಿಷ ಸಾಕು. ಆದ್ದರಿಂದ ಮಧ್ಯಮ ಉರಿ, ಕಾವಲಿಯ ಮೇಲೆ ಏನಾದರೂ ಇರಲೇಬೇಕು. ಸೌದೆಯ ಒಲೆಗಂತೂ ಇದು ಸಲ್ಲದು. ಕೊಳ್ಳುವಾಗ ತಳ ದಪ್ಪವಾಗಿ ಸಮನಾಗಿರುವುದನ್ನು ಆರಿಸಬೇಕು. ತೆಳ್ಳನೆಯದು ಬೇಗ ಸೊಟ್ಟಗಾಗಿ ನಡುವೆ ಸುಡುತ್ತದೆ. ಪಿ.ಎಫ್.ಓ.ಎ. ಇಲ್ಲವೆಂದು ಚೀಟಿಯಲ್ಲಿ ಬರೆದಿದ್ದ ಮಾತ್ರಕ್ಕೆ ಟೆಫ್ಲಾನ್ ಜಾತಿಯ ಲೇಪ ಇಲ್ಲವೆಂದು ತಿಳಿಯಬಾರದು, ಅವೆರಡು ಬೇರೆ. ಸೆರಾಮಿಕ್ ಎಂದು ಮಾರುವ ಲೇಪ ಕಾವನ್ನು ಹೆಚ್ಚು ತಡೆಯುತ್ತದೆ, ಆದರೆ ಅದರ ನುಣುಪು ಇನ್ನೂ ಬೇಗ ಹೋಗುತ್ತದೆ. ಮಗುಚಲು ಮರದ ಸಟ್ಟುಗವೇ ಆಗಬೇಕು. ಬಿಸಿ ಕಾವಲಿಗೆ ತಣ್ಣೀರು ಸುರಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಬಚ್ಚಲಿನ ಬೂದಿ ಮತ್ತು ತೆಂಗಿನ ನಾರಿನಿಂದ ಇದನ್ನು ಕಾಪಾಡುವುದು. ಕಂಚು ಹಿತ್ತಾಳೆಗಳನ್ನು ಫಳಫಳ ಬೆಳಗಿ ಅಭ್ಯಾಸವಾದ ಕೈ ಈ ಕರಿಯ ಮೈಯನ್ನು ಕಂಡಾಗ ಸುಮ್ಮನಿರಲಾರದು. ನಾಲ್ಕು ದಿನ ತಿಕ್ಕಿದರೆ ಬೆಳ್ಳಗೆ ಅಲ್ಯುಮಿನಿಯಮ್ ಕಾಣುತ್ತದೆ. ಹಾಗೆ ಲೇಪ ಹೋದದ್ದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ೨೦೨೪ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿಯೂ ನಾನ್-ಸ್ಟಿಕ್ ಪಾತ್ರೆಯ ಬಗೆಗೆ ಎಚ್ಚರಿಕೆಯಿದೆ, ಮಣ್ಣಿನ ಪಾತ್ರೆಗೆ ಪ್ರಶಂಸೆಯಿದೆ.

ಕಬ್ಬಿಣದ ಕಾವಲಿಯ ನಿಯಮಗಳು ಇದಕ್ಕೆ ಬಹುಮಟ್ಟಿಗೆ ತಲೆಕೆಳಗು. ಕಾವು ಅದಕ್ಕೆ ಹಿತ, ನೀರು ನಿಂತರೆ ತುಕ್ಕು, ಹುಳಿ ಬಿದ್ದರೆ ಪೊರೆ ಹೋಗುತ್ತದೆ. ಹೋದರೂ ಚಿಂತೆಯಿಲ್ಲ, ಮತ್ತೆ ಎಣ್ಣೆ ಸವರಿ ಕಾಯಿಸಿದರೆ ಬರುತ್ತದೆ. ಹೋಟೆಲಿನ ದೋಸೆಭಟ್ಟ ಬೆಳಗಿನಿಂದ ರಾತ್ರಿಯವರೆಗೆ ಕಾಯುವ ತನ್ನ ದಪ್ಪ ಹೆಂಚಿಗೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ ಹಿಟ್ಟು ಹೊಯ್ಯುತ್ತಾನೆ. ಆ ಕಾವಿಗೆ ಟೆಫ್ಲಾನ್ ಬಾಳುವಂತಿಲ್ಲ.

ತೊಡದೇವಿಗೂ ಅದು ಆಗಿಬರುವುದಿಲ್ಲ. ಕಾವಲಿ ಚಪ್ಪಟೆ, ಗಡಿಗೆ ದುಂಡು ಎಂಬುದು ಒಂದು ಕಾರಣವೆನ್ನಿ. ಅದಕ್ಕಿಂತ ದೊಡ್ಡ ಕಾರಣ ಲೇಪದ ಸ್ವಭಾವದಲ್ಲಿದೆ. ಟೆಫ್ಲಾನ್ ಮೈಗೆ ನೀರ್ದೋಸೆಯ ಹಿಟ್ಟಿಗಿಂತ ತೆಳ್ಳಗಿರುವ ಹಿಟ್ಟನ್ನು ಸವರಿದರೆ ಅದು ಪೊರೆಯಾಗಿ ಹರಡದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಅಲ್ಲಲ್ಲಿ ಹನಿಗೂಡಿ ನಿಲ್ಲುತ್ತದೆ. ಅಂಟುವುದೇ ಇಲ್ಲವೆಂದ ಮೇಲೆ ತೊಡೆಯುವುದು ಯಾವುದನ್ನು? ಪಳಗಿದ ಗಡಿಗೆಯಾದರೋ ಮೊದಲು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಹೀಗಾಗಿ ಶಿರಸಿ, ಸಿದ್ದಾಪುರಗಳಲ್ಲಿ ತೊಡದೇವನ್ನು ಮಾಡಿ ಮಾರುವ ಮನೆಗಳವರು ಇಂದಿಗೂ ಬೋರಲು ಗಡಿಗೆಯನ್ನೇ ನಂಬಿದ್ದಾರೆ. ಬೆನ್ನು ಸಮದುಂಡಾಗಿ, ಗೀರಿಲ್ಲದೆ ಬರುವಂತೆ ಗಡಿಗೆ ತಟ್ಟಬಲ್ಲ ಕುಂಬಾರನನ್ನು ಹುಡುಕಿಕೊಂಡು ಊರೂರು ಅಲೆಯುವುದು ಈಗ ಅವರಿಗೆ ಹೊಸ ಕೆಲಸ. ಸಿಕ್ಕಿದವನ ಬಳಿ ಒಂದರ ಬದಲು ಮೂರು ಗಡಿಗೆ ತಂದು, ಸುಗ್ಗಿಗೆ ತಿಂಗಳು ಮೊದಲೇ ಅಕ್ಕಚ್ಚಿನಲ್ಲಿ ಮುಳುಗಿಸಿಡುತ್ತಾರೆ.